ಹರಕೆ ಕೊಂಡುಕೊಂಡ ಲೆಕ್ಕ

2012 ಸೆಪ್ಟೆಂಬರ್ 9, ಭಾನುವಾರ

ಇಪ್ಪತ್ತೊಂದು ವರ್ಷಕ್ಕೆ ಒಟ್ಟು ಖರ್ಚು ಐವತ್ತೆಂಟು ಸಾವಿರದ ನಾನೂರು ಲೆವ. ನಮ್ಮ ರೂಸೆ ಊರಿನ ಯಹೂದಿ ಮಕ್ಕಳಿಗೆ ಭಾನುವಾರ ಹೀಬ್ರೂ ಅಕ್ಷರ, ಪ್ರಾರ್ಥನೆ, ಹಬ್ಬದ ಹಾಡು ಕಲಿಸುವ ಪುಟ್ಟ ಸಂಘಕ್ಕೆ ಇಷ್ಟು ಹಣ ಸಂದಿದೆ. ನಡುವೆ ಒಮ್ಮೆ ಸರ್ಕಾರ ನೋಟಿನಿಂದ ಮೂರು ಸೊನ್ನೆ ಒರೆಸಿಹಾಕಿತ್ತು. ಅದನ್ನೂ ಸರಿದೂಗಿಸಿಯೇ ಕೂಡಿದ್ದೇನೆ. ತೊಂಬತ್ತೇಳರ ಚಳಿಗಾಲದ ಪುಟದಲ್ಲಿ ಅಂಕಿಗಳೇ ಇಲ್ಲ. ನೋಟಿಗೆ ಬೆಲೆಯಿಲ್ಲದ ಆ ದಿನಗಳಲ್ಲಿ ಮೇಷ್ಟ್ರಿಗೆ ಸಂಬಳವಾಗಿ ಕೊಟ್ಟದ್ದು ಮೊಟ್ಟೆ, ಸೂರ್ಯಕಾಂತಿ ಎಣ್ಣೆ, ಒಂದು ಸಲ ಯಾರೋ ಯೋಚಿಸದೆ ತಂದ, ನಮಗೆ ವರ್ಜ್ಯವಾದ ಹಂದಿಮಾಂಸದ ಸಾಸೇಜು. ಸಾಸೇಜು ವಾಪಸು ಹೋದ ದಾಖಲೆ ಇಲ್ಲ.

ಕಲಿತು ಹೋದ ಮಕ್ಕಳು ಅರವತ್ಮೂರು. ತಲೆಗೆ ಒಂಬೈನೂರ ಇಪ್ಪತ್ತೇಳು ಬಿತ್ತು. ಅವರಲ್ಲಿ ಮೂವತ್ತೆಂಟು ಮಂದಿ ಇಸ್ರೇಲಿಗೆ ಹೋಗಿ ನೆಲೆಸಿದ್ದಾರೆ. ಅಂದರೆ ಮಾಲಿಗೆ ಹೊಳಪು ಕೊಡುವುದು ಇವರು, ಮಾರಾಟ ಬೇರೆಯವರ ಅಂಗಡಿಯಲ್ಲಿ. ಬಚ್ಚಲುಮನೆ ಟೈಲ್ಸ್ ಮಾರಿ ಬದುಕಿದವನು ನಾನು. ಇಂಥ ವ್ಯಾಪಾರ ಎಲ್ಲೂ ಕಂಡಿಲ್ಲ.

ಇವತ್ತಿನ ಸಭೆಯಲ್ಲಿ ಅಧ್ಯಕ್ಷ, ಹಲ್ಲಿನ ಡಾಕ್ಟರ್ ಆಲ್ಕಲಾಯ್, ನನ್ನ ಹೆಗಲ ಮೇಲೆ ಕೈ ಹಾಕಿದಾಗಲೇ ಜೇಬು ಮುಟ್ಟಿ ನೋಡಿಕೊಂಡೆ.

"ಪೆಪೊ, ನೀನು ಖಜಾಂಚಿಯಾಗಪ್ಪ."

"ನಾನಾ? ನಂಗೆ ಆ ಅಕ್ಷರ ಒಂದೂ ಓದೋಕೆ ಬರಲ್ಲ ಡಾಕ್ಟ್ರೇ."

"ಓದೋಕಲ್ವೋ. ನೀನು ಮೂರು ಅಂಗಡಿ ಮುಚ್ಚಿದೋನು. ಮರ್ಯಾದೆಯಾಗಿ ಬಾಗಿಲು ಹಾಕೋದು ನಿಂಗೇ ಗೊತ್ತಿರೋದು."

"ಮುಚ್ಚಲಿಲ್ಲ, ಮಾರಿದೆ."

"ಇದನ್ನ ಕೊಳ್ಳೋರಿಲ್ಲ. ಅದೇ ತೊಂದರೆ."

ವಿಷಯ ಇಷ್ಟೆ. ಹೊರದೇಶದ ಒಂದು ಟ್ರಸ್ಟು ವರ್ಷಕ್ಕೆ ಸಾವಿರದ ಎಂಟುನೂರು ಲೆವ ಕಳಿಸುತ್ತಿತ್ತು. ಈ ವರ್ಷದಿಂದ ಕಳಿಸುವುದಿಲ್ಲವಂತೆ. ಅಷ್ಟು ಇಲ್ಲದಿದ್ದರೆ ಟೀಚರಿಗೆ ಸಂಬಳವಿಲ್ಲ. ಟೀಚರು ದೆಲಿಯಾ ಕ್ರಿಸ್ಪಿನ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಾಜಧಾನಿ ಸೋಫಿಯಾದ ಶಾಲೆಯೊಂದು ಆಕೆಯನ್ನು ಕರೆದಿದೆ, ಅಕ್ಟೋಬರ್ ಹದಿನೈದರೊಳಗೆ ಉತ್ತರ ಹೇಳಬೇಕು. ಆಕೆ ಹೋದರೆ ಹನ್ನೊಂದು ಮಕ್ಕಳೂ ಅವರವರ ಮನೆಗೆ.

ಒಪ್ಪಿಕೊಂಡೆ. ಎರಡು ತಿಂಗಳ ಕೆಲಸ. ಕುರ್ಚಿ, ಕಪ್ಪು ಹಲಗೆ ಮಾರಿ, ಬಾಕಿ ತೀರಿಸಿ, ಬೀಗ ಹಾಕಿ ಬರುವುದು. ಹೆಂಡತಿ ಹೋದ ಮೇಲೆ ಭಾನುವಾರಗಳು ಉದ್ದವಾಗಿವೆ.

ಸೆಪ್ಟೆಂಬರ್ 27, ಗುರುವಾರ

ನಿನ್ನೆ ಕಿಪುರ್, ವರ್ಷದ ಪಾಪಕ್ಕೆ ಕ್ಷಮೆ ಬೇಡುವ ಉಪವಾಸ. ಅವತ್ತು ಅನ್ನ ನೀರಿಲ್ಲ, ದುಡ್ಡು ಮುಟ್ಟುವಂತಿಲ್ಲ, ಪೆನ್ನು ಹಿಡಿಯುವಂತಿಲ್ಲ. ಆದರೆ ಜನರ ಕೈ ಸಡಿಲವಾಗುವುದೂ ಅವತ್ತೊಂದೇ ದಿನ. ಅದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಎಲ್ಲರಿಗೂ ಒಂದೊಂದು ರಟ್ಟಿನ ಕಾರ್ಡು. ಅದರ ಅಂಚಿನಲ್ಲಿ ಐದು ಕಿವಿಗಳು: 18, 36, 90, 180, 1800. ಜೀವ ಎನ್ನುವ ಮಾತಿನ ಅಕ್ಷರಗಳನ್ನು ಅಂಕಿಯಾಗಿ ಕೂಡಿದರೆ ಹದಿನೆಂಟು ಬರುತ್ತದೆಂದು ಕೊಡುವುದೆಲ್ಲ ಹದಿನೆಂಟರ ಲೆಕ್ಕದಲ್ಲಿ. ಎಷ್ಟು ಕೊಡುತ್ತೀರೋ ಆ ಕಿವಿ ಮಡಚಿ ಪೆಟ್ಟಿಗೆಗೆ ಹಾಕಬೇಕು, ಆಮೇಲೆ ಕಟ್ಟಬೇಕು. ಕಾರ್ಡಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂದು ಖಜಾಂಚಿಗೊಬ್ಬನಿಗೇ ಗೊತ್ತು. ಕೊಟ್ಟವರ ಹೆಸರು ಬಾಯಿಬಿಡುವಂತಿಲ್ಲ.

ಕೊನೆಯ ಕಿವಿ ಇರುವುದು ಅಲಂಕಾರಕ್ಕೆ. ಅದನ್ನು ಇದುವರೆಗೆ ಯಾರೂ ಮಡಚಿಲ್ಲ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆರೆದೆವು. ಹದಿನೆಂಟು, ಹದಿನೆಂಟು, ಮೂವತ್ತಾರು (ಅದು ಡಾಕ್ಟ್ರದೇ). ಪ್ರತಿ ವರ್ಷದ ಪುಡಿಗಾಸು. ಆಮೇಲೆ ಇಪ್ಪತ್ತೇಳನೇ ಕಾರ್ಡು. ಕೊನೆಯ ಕಿವಿ ಉಗುರಿನಿಂದ ತೀಡಿದ ಹಾಗೆ ಗಟ್ಟಿಯಾಗಿ ಮಡಚಿದೆ.

ಡಾಕ್ಟ್ರು ಕುರ್ಚಿಯಿಂದೆದ್ದರು. "ಸಾವಿರದ ಎಂಟುನೂರು! ಯಾರೋ ಅದು? ಬೇಡ, ಹೇಳ್ಬೇಡ. ಹೇಳಿದ್ರೆ ಪಾಪ. ಸುಳಿವಾದ್ರೂ ಕೊಡೋ, ಕಾರಿದೆಯಾ ಅವರಿಗೆ?"

ನಾನು ಹೇಳಲಿಲ್ಲ. ಇಪ್ಪತ್ತೇಳು ತಾಂತಿ ವೀಸ್ಕಾ; ತಾಂತಿ ಅಂದರೆ ಚಿಕ್ಕಮ್ಮ, ಊರಿಗೆಲ್ಲ ಅವರು ಹಾಗೇ. ವಯಸ್ಸು ಎಂಬತ್ತೊಂದು, ಗಂಡ ಇಲ್ಲ, ಮಕ್ಕಳಿಲ್ಲ, ಹಣ್ಣು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ತಿಂಗಳಿಗೆ ಇನ್ನೂರ ಹತ್ತು ಲೆವ ಪಿಂಚಣಿ. ಕಣ್ಣು ಮಂಜು, ಉಪವಾಸದ ಸುಸ್ತು, ಬೆರಳು ಒಂದು ಕಿವಿ ಬಿಟ್ಟು ಇನ್ನೊಂದಕ್ಕೆ ಹೋಗಿದೆ. ಇದನ್ನು ಬಾಯಿಬಿಡದೆ ಹೇಗೆ ತಿಳಿಸುವುದೆಂದು ನಾನು ಯೋಚಿಸುವಷ್ಟರಲ್ಲಿ ಡಾಕ್ಟ್ರು ದೆಲಿಯಾಗೆ ಫೋನು ಮಾಡಿ ಆಗಿತ್ತು. ಆ ಕಡೆ ಹುಡುಗಿ ಅಳುತ್ತಿದ್ದದ್ದು ನನಗೂ ಕೇಳಿಸಿತು.

ಅಕ್ಟೋಬರ್ 3, ಬುಧವಾರ

ವಸೂಲಿಗೆ ತಾಂತಿ ವೀಸ್ಕಾರ ಮನೆಗೆ ಹೋದೆ. ಮೊದಲ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಸುತ್ತಿದ್ದ ಹದಿನೆಂಟು ಲೆವ ಕೈಗಿತ್ತರು.

"ಎಣಿಸ್ಕೊ."

"ಇರ್ಲಿ ತಾಂತಿ."

"ಎಣಿಸ್ಕೊ ಅಂದೆ. ವ್ಯಾಪಾರಸ್ಥ ಅಂತೀಯ, ಎಣಿಸದೆ ಜೇಬಿಗಿಳಿಸ್ತೀಯ?"

ಎಣಿಸಿದೆ. ರಸೀದಿ ಬರೆದೆ. ಕಾಫಿ ಕೊಟ್ಟರು, ಬಿಂಬ್ರಿಯೊ ಹಣ್ಣಿನ ಸಿಹಿ ಕೊಟ್ಟರು. ನೀವು ಮಡಚಿದ್ದು ಬೇರೆ ಕಿವಿ ಎಂದು ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಇನ್ನಷ್ಟು ಸಿಹಿ ಹಾಕಿದರು.

ಹದಿನಾಲ್ಕರ ಭಾನುವಾರ ದೆಲಿಯಾಗೆ ನೇರವಾಗಿ ಹೇಳಿಬಿಡಬೇಕು. ಆಗ ಇನ್ನೂ ಒಂದು ದಿನ ಕೈಲಿರುತ್ತದೆ.

ಅಕ್ಟೋಬರ್ 14, ಭಾನುವಾರ

ಸೋಫಿಯಾದವರಿಗೆ ಬರುವುದಿಲ್ಲ ಎಂದು ದೆಲಿಯಾ ಹೋದ ವಾರವೇ ಪತ್ರ ಹಾಕಿದ್ದಾಳಂತೆ. ಮಕ್ಕಳು ಏನೋ ಹಾಡುತ್ತಿದ್ದರು, ಅರ್ಧಕ್ಕರ್ಧ ಅಪಸ್ವರ. ಕೊನೇ ಬೆಂಚಲ್ಲಿ ಕೂತು ಲೆಕ್ಕ ಹಾಕಿದೆ. ತಾಂತಿ ಕೊಟ್ಟದ್ದು ಹದಿನೆಂಟು, ಕೊರತೆ ಸಾವಿರದ ಏಳುನೂರ ಎಂಬತ್ತೆರಡು. ಮುಂದಿನ ವಾರ ಹೇಳುತ್ತೇನೆ.

ನವೆಂಬರ್ 1, ಗುರುವಾರ

ಹೇಳಿರಲಿಲ್ಲ. ಬೆಳಿಗ್ಗೆ ತಾಂತಿಯದೇ ಫೋನು.

"ಒಂದನೇ ತಾರೀಕು. ಯಾಕೆ ಬಂದಿಲ್ಲ ನೀನು?"

"ಯಾತಕ್ಕೆ ತಾಂತಿ?"

"ಹದಿನೆಂಟು ಇಸ್ಕೊಳ್ಳೋಕೆ! ಖಜಾಂಚಿಯೋ, ಕಾಟಾಚಾರವೋ?"

ಹೋದೆ. ಮತ್ತೆ ಕರವಸ್ತ್ರ, ಮತ್ತೆ ಹದಿನೆಂಟು. ಅಂದರೆ ಈಕೆ ಮಡಚಿದ್ದು ತಪ್ಪಿ ಅಲ್ಲ. ತಿಂಗಳಿಗೆ ಹದಿನೆಂಟರಂತೆ ನೂರು ತಿಂಗಳು. ಎಂಟು ವರ್ಷ ನಾಲ್ಕು ತಿಂಗಳು.

"ನಾನು ನಿಮ್ಗೆ ಕಣ್ಣು ಮಂಜು ಅಂದ್ಕೊಂಡಿದ್ದೆ," ಎಂದೆ. ತಾಂತಿ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿ ನನ್ನ ಮೂಗಿನೆದುರು ಹಿಡಿದರು.

"ತಾಂತಿ, ಬೇಜಾರು ಮಾಡ್ಕೋಬೇಡಿ. ನಿಮ್ಗೀಗ ಎಂಬತ್ತೊಂದು."

"ಗೊತ್ತು. ಅದಕ್ಕೇ. ಕಿಪುರ್ ದಿನ ಮಾಡಿದ ಹರಕೆ ಅದು. ಹರಕೆ ಬಾಕಿ ಇರೋರನ್ನ ಅವನು ಅರ್ಧಕ್ಕೆ ಕರೆಸ್ಕೊಳ್ಳಲ್ಲ. ಅದನ್ನೂ ಲೆಕ್ಕ ಹಾಕೇ ಮಡಚಿದ್ದು ನಾನು."

ನಾನೂ ಬೇಕಾದಷ್ಟು ಕಂತಿನ ವ್ಯಾಪಾರ ಮಾಡಿದ್ದೇನೆ, ಆದರೆ ದೇವರನ್ನೇ ಕಂತಿಗೆ ಕಟ್ಟಿಹಾಕಿದವರನ್ನು ಕಂಡಿರಲಿಲ್ಲ.

"ಶಾಲೆಗೆ ಯಾಕೆ ತಾಂತಿ? ನಿಮ್ಮ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ."

ಅಡುಗೆಮನೆ ಕಿಟಕಿ ತೆರೆದು ತೋರಿಸಿದರು. ಅಂಗಳದಾಚೆ, ಎದುರಿಗೇ ನಮ್ಮ ತರಗತಿಯ ಕಿಟಕಿ. "ನನ್ನನ್ನ ಹುಡುಗಿ ಅಂತ ಓದೋಕೆ ಕೂರಿಸ್ಲಿಲ್ಲ. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಬದನೆಕಾಯಿ ಸುಡ್ತಾ ಅವರು ಹೇಳೋದು ಕೇಳ್ತಿದೀನಿ. ಅರ್ಧ ಬಾಯಿಗೆ ಬರುತ್ತೆ. ಪುಕ್ಕಟೆ ಕೇಳಿದೀನಿ ಪೆಪೊ. ಶುಲ್ಕ ಬಾಕಿ ಅಂದ್ಕೊ."

ನವೆಂಬರ್ 5, ಸೋಮವಾರ

ಸಂಘಕ್ಕೆ ದುಡ್ಡು ಬೇಕಾಗಿರುವುದು ಈಗ. ಇವರ ದುಡ್ಡು ಬರುವುದು ಎಂಟು ವರ್ಷದಲ್ಲಿ. ಇದಕ್ಕೆ ವ್ಯಾಪಾರದಲ್ಲಿ ದಾರಿಯಿದೆ: ಬರಬೇಕಾದ ಬಾಕಿಯನ್ನು ಕೈಯಿಂದ ಕೊಟ್ಟು ಕೊಂಡುಕೊಳ್ಳುವುದು. ಬ್ಯಾಂಕಿಗೆ ಹೋಗಿ ಇಪ್ಪತ್ತೇಳನೇ ಕಾರ್ಡಿನ ಬಾಬ್ತು ಎಂದು ನನ್ನ ಸಾವಿರದ ಎಂಟುನೂರು ಕಟ್ಟಿದೆ. ಇದುವರೆಗಿನ ಮೂವತ್ತಾರು, ಇನ್ನು ತಿಂಗಳ ಹದಿನೆಂಟು ನನಗೆ. ಬಡ್ಡಿಯಿಲ್ಲ, ಜಾಮೀನಿಲ್ಲ, ಸಾಲಗಾರಳಿಗೆ ಎಂಬತ್ತೊಂದು. ನನ್ನ ಅಂಗಡಿಯ ಗುಮಾಸ್ತ ಇಂಥದ್ದು ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಡಿಸೆಂಬರ್ 2, ಭಾನುವಾರ

ನಿನ್ನೆ ಶನಿವಾರ, ನಮ್ಮ ವಾರದ ವಿಶ್ರಾಂತಿ ದಿನ, ದುಡ್ಡು ಮುಟ್ಟುವಂತಿಲ್ಲ; ಕಂತು ಇವತ್ತು. ಮನೆ ತಣ್ಣಗಿತ್ತು. ಒಲೆಗೆ ದಿನಕ್ಕೆ ನಾಲ್ಕೇ ತುಂಡು ಹಾಕುತ್ತಾರಂತೆ. ಬಂದವನೇ ಎರಡು ಗಾಡಿ ಸೌದೆ ಕಳಿಸಿದೆ, ನೂರಾ ಹತ್ತು ಲೆವ. ಸಾಲಗಾರ ನೆಟ್ಟಗಿದ್ದರೆ ತಾನೆ ಸಾಲ ತೀರುವುದು? ಇದು ಆಸ್ತಿ ರಕ್ಷಣೆಯ ಖರ್ಚು.

2013 ಜನವರಿ 17

ಹಿಮ. ತಾಂತಿಗೆ ಕೆಮ್ಮು. ಔಷಧಿ ಇಪ್ಪತ್ಮೂರು ಲೆವ, ಕೋಳಿ ಸಾರಿಗೆ ಏಳು. ಈ ತಿಂಗಳು ನಷ್ಟ.

ಜನವರಿ 19

ಕೆಮ್ಮು ಕಡಿಮೆ.

ಫೆಬ್ರವರಿ 24, ಭಾನುವಾರ

ಪೂರಿಂ ಹಬ್ಬ. ಮಕ್ಕಳು ವೇಷ ಕಟ್ಟಿ ಕುಣಿದರು. ಏಳು ವರ್ಷದ ಬೇಕಾ ರಾಣಿಯಾಗಿದ್ದಳು. ಕಿರೀಟಕ್ಕೆ ನನ್ನ ಹಳೇ ಗೋದಾಮಿನ ಚಿನ್ನದಂಚಿನ ಟೈಲ್ಸ್ ಚೂರು ಅಂಟಿಸಿದ್ದೆ. ಭಾರಕ್ಕೆ ಕುತ್ತಿಗೆ ವಾಲುತ್ತಿತ್ತು, ಆದರೂ ತೆಗೆಯಲಿಲ್ಲ.

ಈಚೆಗೆ ಭಾನುವಾರ ತರಗತಿಯಲ್ಲೇ ಕೂರುತ್ತೇನೆ. ಮನೆಯಲ್ಲಿ ಒಲೆ ಹಚ್ಚುವ ಖರ್ಚು ಉಳಿಯುತ್ತದೆ. ದೆಲಿಯಾ ನನ್ನ ಮುಂದೆಯೂ ಒಂದು ಪುಸ್ತಕ ಇಟ್ಟಳು. "ಸುಮ್ನೆ ಕೂತ್ರೆ ಮಕ್ಕಳು ನಿಮ್ಮನ್ನೇ ನೋಡ್ತಾರೆ ಅಂಕಲ್, ಹಾಳೆ ತಿರುಗಿಸ್ತಿರಿ." ತಿರುಗಿಸುತ್ತೇನೆ. ನಮ್ಮ ಮಕ್ಕಳ ಹಾಡು ಸುಧಾರಿಸಿದೆ.

ಜೂನ್ 9, ಭಾನುವಾರ

ವಾರ್ಷಿಕ ಸಭೆ. ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಡಾಕ್ಟ್ರು ಲೆಕ್ಕಪತ್ರ ಓದಿದರು. ಓದುವವರು ಓದಿ ಕೂರಬಾರದೆ? ಕನ್ನಡಕ ತೆಗೆದು, ದನಿ ನಡುಗಿಸಿ, "ಇಪ್ಪತ್ತೇಳನೇ ಕಾರ್ಡಿನ ಆ ಪುಣ್ಯಾತ್ಮರು ಪೂರ್ತಿ ಸಾವಿರದ ಎಂಟುನೂರನ್ನೂ ನವೆಂಬರಿನಲ್ಲೇ ಕಟ್ಟಿದ್ದಾರೆ," ಎಂದರು. ಚಪ್ಪಾಳೆ.

"ಸುಳ್ಳು," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ತಾಂತಿ ವೀಸ್ಕಾ ಎದ್ದು ನಿಂತಿದ್ದರು. "ನಾನು ಕಟ್ಟಿರೋದು ಒಂಬತ್ತು ಕಂತು. ನೂರಾ ಅರವತ್ತೆರಡು. ಮಿಕ್ಕಿದ್ದು ಯಾರು ಕಟ್ಟಿದ್ದು?"

ಕಾರಿದ್ದವರೆಲ್ಲ ತಮ್ಮ ಬೂಟು ನೋಡಿಕೊಂಡರು. ಡಾಕ್ಟ್ರ ಮುಖ ಬೀಟ್‌ರೂಟಿನಂತಾಯಿತು. ಅವರು ಮಡಚಿದ್ದು ಮೂವತ್ತಾರು. ಒಬ್ಬೊಬ್ಬರೇ ನನ್ನ ಕಡೆ ತಿರುಗಿದರು.

ಎದ್ದೆ. "ವ್ಯವಹಾರ ತಾಂತಿ. ಸಂಘಕ್ಕೆ ಅರ್ಜೆಂಟಿತ್ತು. ನಿಮ್ಮ ಬಾಕಿ ನಾನು ಕೊಂಡ್ಕೊಂಡೆ. ನೀವು ನನಗೆ ಕಟ್ಟಿದ್ರಾಯ್ತು, ನಿಮಗೇನೂ ನಷ್ಟ ಇಲ್ಲ."

"ನಾನು ಹರಕೆ ಹೊತ್ತಿದ್ದು ಶಾಲೆಗೆ. ನಿನಗಾ?"

"ಎರಡೂ ಒಂದೇ ಅಲ್ವಾ..."

"ಒಂದೇನಾ? ನವೆಂಬರಿನಲ್ಲೇ ತೀರಿಹೋಗಿದೆ ನನ್ನ ಹರಕೆ! ಏಳು ತಿಂಗಳಿಂದ ನಾನು ಯಾರ ಲೆಕ್ಕಕ್ಕೆ ಉಸಿರಾಡ್ತಿದೀನಿ? ನನ್ನ ನೂರು ತಿಂಗಳನ್ನ ಸಗಟಿಗೆ ಕೊಂಡ್ಕೊಳ್ಳೋಕೆ ಅದೇನು ಟೈಲ್ಸಾ?"

ಕೈಚೀಲ ಎತ್ತಿಕೊಂಡು ಹೊರಟುಹೋದರು. ಎಂಬತ್ತೆರಡು ತುಂಬುತ್ತಿದೆ, ಯಾರ ಕೈಯೂ ಹಿಡಿಯಲಿಲ್ಲ.

ಜೂನ್ 11

ಫೋನು ಎತ್ತುತ್ತಿಲ್ಲ.

ಜೂನ್ 16, ಭಾನುವಾರ

ತರಗತಿಗೆ ಹೋದೆ. ಅವರ ಅಡುಗೆಮನೆ ಕಿಟಕಿ ಮುಚ್ಚಿತ್ತು, ಈ ಸೆಕೆಯಲ್ಲಿ. ಪುಸ್ತಕದ ಹಾಳೆ ತಿರುಗಿಸಲಿಲ್ಲ. ಬೇಕಾ ಬಂದು, "ತಾತ, ಹುಷಾರಿಲ್ವಾ?" ಎಂದಳು.

ಜುಲೈ 1, ಸೋಮವಾರ

ಹೋಗುವುದೋ ಬೇಡವೋ ಎಂದು ಅಂಗಳದಲ್ಲಿ ನಿಂತಿದ್ದೆ. ಮೇಲಿಂದ ಕಿಟಕಿ ತೆರೆಯಿತು.

"ಅಲ್ಲೇ ಬೇರು ಬಿಡ್ತೀಯೋ, ಮೇಲೆ ಬರ್ತೀಯೋ?"

ಮೇಜಿನ ಮೇಲೆ ಒಂಬತ್ತು ರಸೀದಿ ಸಾಲಾಗಿ ಇಟ್ಟಿದ್ದರು. ಬೇರೆ ಊರಿನ ಧರ್ಮಗುರು ರಬ್ಬಿಗೆ ಫೋನು ಮಾಡಿ ಕೇಳಿದ್ದರಂತೆ. ತೀರ್ಪು ಹೀಗೆ: ಒಬ್ಬರ ಹರಕೆಯನ್ನು ಅವರನ್ನು ಕೇಳದೆ ಇನ್ನೊಬ್ಬರು ತೀರಿಸಲಾಗುವುದಿಲ್ಲ. ಆದ್ದರಿಂದ ನಾನು ಇಸಕೊಂಡ ನೂರಾ ಅರವತ್ತೆರಡನ್ನು ಸಂಘಕ್ಕೆ ಕಟ್ಟಬೇಕು. ಅವರ ಹರಕೆ ಹಾಗೇ ಮುಂದುವರಿಯುತ್ತದೆ.

"ಹಾಗಾದ್ರೆ ನಾನು ಕಟ್ಟಿದ ಸಾವಿರದ ಎಂಟುನೂರು?"

"ಅದು ನಿನ್ನ ದಾನ."

"ನಾನು ದಾನ ಮಾಡಿಲ್ಲ ತಾಂತಿ, ವ್ಯಾಪಾರ ಮಾಡಿದೆ."

"ಹಾಗಾದ್ರೆ ವಾಪಸ್ ಕೇಳು. ಹೋಗು. ಆ ಹುಡುಗಿ ಸಂಬಳದಿಂದ ಕಿತ್ಕೊಂಡು ಬಾ."

ಕಾಫಿ ಉಕ್ಕುವುದರಲ್ಲಿತ್ತು, ಅವರೇ ಎದ್ದು ಇಳಿಸಿದರು.

"ಸೌದೆ?" ಎಂದೆ. ಅದೊಂದನ್ನಾದರೂ ಯಾವುದಾದರೂ ಕಡೆ ಬರೆಯಬೇಕಲ್ಲ.

"ಸೌದೆ ಬೇರೆ. ಅದು ನೀನು ಸ್ನೇಹಕ್ಕೆ ತಂದಿದ್ದು. ಹೌದೋ ಅಲ್ವೋ?"

"ಹೌದು," ಎಂದೆ. ಚೌಕಾಸಿಗೆ ಜಾಗವಿರಲಿಲ್ಲ.

ಹತ್ತನೇ ಹದಿನೆಂಟು ಕೊಟ್ಟರು. ರಸೀದಿಯಲ್ಲಿ ಸಂಘದ ಹೆಸರು ದೊಡ್ಡದಾಗಿ ಬರೆಸಿಕೊಂಡರು. ಇನ್ನು ಮುಂದೆ ಕಂತಿಗೆ ಯಾರು ಬರಬೇಕು ಎಂದು ಕೇಳಿದೆ.

"ಇನ್ಯಾರು? ಡಾಕ್ಟ್ರಿಗೆ ಈ ಮೆಟ್ಟಿಲು ಹತ್ತೋಕಾಗುತ್ತಾ?"

2020 ನವೆಂಬರ್ 1, ಭಾನುವಾರ

ಈ ಪುಸ್ತಕ ಬೀರುವಿನಲ್ಲಿ ಸಿಕ್ಕಿತು. ಏಳು ವರ್ಷ ಬರೆದಿಲ್ಲ, ಸಮಯ ಸಿಕ್ಕಿಲ್ಲ. ಖಜಾಂಚಿ ಬದಲಾಯಿಸಿ ಎಂದು ಪ್ರತಿ ಜೂನಿನಲ್ಲೂ ಹೇಳುತ್ತೇನೆ.

ಇವತ್ತು ತೊಂಬತ್ತೆಂಟನೇ ಕಂತು. ಈ ರೋಗದ ಕಾಲದಲ್ಲಿ ಮೇಲೆ ಹತ್ತುವಂತಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಕರವಸ್ತ್ರವಿತ್ತು, ದುಡ್ಡಿರಲಿಲ್ಲ.

"ತಾಂತಿ, ಖಾಲಿ!"

"ಗೊತ್ತು! ಮಾರ್ಚಿಂದ ಸದ್ದೇ ಇಲ್ಲ ಕಣೋ. ಯಾತಕ್ಕೆ ಕೊಡ್ಲಿ ಹದಿನೆಂಟು?"

"ಶಾಲೆ ನಡೀತಿದೆ. ಮಕ್ಕಳು ಫೋನಲ್ಲಿ ಓದ್ತಾರೆ."

"ನನ್ನ ಫೋನಲ್ಲಿ ಬರೀ ನಿನ್ನ ದನಿ ಬರುತ್ತೆ!"

ಹರಕೆ ಬಿಡುವವರಲ್ಲ, ಜಗಳಕ್ಕೆ ನೆಪ ಬೇಕಿತ್ತು. ಆದರೆ ಕಿಟಕಿಯ ಚೌಕಟ್ಟು ಹಿಡಿದಿದ್ದ ಕೈ ನೋಡಿದೆ. ಎಂಬತ್ತೊಂಬತ್ತರ ಕೈ. ಎಂಟು ತಿಂಗಳು ಆ ಅಂಗಳದಲ್ಲಿ ಪಾರಿವಾಳ ಬಿಟ್ಟರೆ ಏನೂ ಕೇಳಿರಲಿಕ್ಕಿಲ್ಲ.

ತರಗತಿಯ ಬೀಗ ತೆಗೆದು ಪುಸ್ತಕವೊಂದನ್ನು ತಂದೆ. ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಮೊದಲ ಪಾಠದಿಂದ ಗಟ್ಟಿಯಾಗಿ ಓದಿದೆ. ಇಷ್ಟು ವರ್ಷ ಕೊನೇ ಬೆಂಚಲ್ಲಿ ಕೂತು ಕಲಿತಷ್ಟು, ತಡೆದು ತಡೆದು. ಎರಡನೇ ಸಾಲಿನಲ್ಲೇ ಮೇಲಿಂದ, "ಎಳೀಬೇಡ ಅದನ್ನ, ಚಿಕ್ಕದು!" ಎಂದರು. ತಿದ್ದಿಕೊಂಡೆ. ನಾಲ್ಕನೇ ಸಾಲಿಗೆ ಅವರೂ ದನಿಗೂಡಿಸಿದರು, ಪುಸ್ತಕವಿಲ್ಲದೆ. ಪಕ್ಕದ ಮನೆಯ ಕಿಟಕಿಯೂ ತೆರೆಯಿತು.

ಬುಟ್ಟಿ ಮತ್ತೆ ಇಳಿದಾಗ ಹದಿನೆಂಟಿತ್ತು.

2021 ಜನವರಿ 3, ಭಾನುವಾರ

ನೂರನೆಯದು. ಎಣಿಸಿದೆ. ಚುಕ್ತಾ ಎಂದು ಬರೆ ಎಂದರು. ಪೆನ್ನಿಗೆ ಚಳಿ ಹಿಡಿದಿತ್ತು, ಬರೆಯಲು ಹೊತ್ತು ಬೇಕಾಯಿತು. ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದೆ. ಅವರು ರಸೀದಿಯನ್ನು ಬೆಳಕಿಗೆ ಹಿಡಿದು ಓದಿಕೊಂಡರು.

"ಇನ್ನು ನನ್ನ ಮೇಲೆ ಏನೂ ಇಲ್ಲ," ಎಂದರು.

ಈ ದಿನ ಬರುತ್ತದೆಂದು ಒಂದು ವರ್ಷದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. "ತಾಂತಿ," ಎಂದೆ, "ಮತ್ತೆ ಮುಂದಿನ ತಿಂಗಳು... ನಾನು ಬರೋದು ಬೇಡ್ವಾ?"

"ಬಾಕಿ ಇಲ್ದೆ ಬರೋಕೆ ಬರಲ್ವಾ ನಿಂಗೆ?"

ಸಂಜೆ ಲೆಕ್ಕ ಮುಗಿಸಿದೆ. ಯಾರಿಗೆ ಏನು ದಕ್ಕಿತು ಎನ್ನುವುದು:

ಸಂಘಕ್ಕೆ ತಾಂತಿ ವೀಸ್ಕಾರಿಂದ ಸಾವಿರದ ಎಂಟುನೂರು, ನನ್ನಿಂದ ಸಾವಿರದ ಎಂಟುನೂರು. ದೆಲಿಯಾಗೆ ಎಂಟು ವರ್ಷ ತಪ್ಪದೆ ಸಂಬಳ, ಎರಡು ಸಲ ಹೆಚ್ಚಾಗಿದೆ, ಈಗಲೂ ಸಾಲದು. ಹೊಸದಾಗಿ ಓದು ಕಲಿತ ಮಕ್ಕಳು ಇಪ್ಪತ್ತಾರು. ಡಾಕ್ಟ್ರಿಗೆ ವರ್ಷಕ್ಕೊಂದು ಭಾಷಣ. ಅವರ ಕಾರ್ಡಿನಲ್ಲಿ ಈಗ ಮಡಚುವುದು ನೂರ ಎಂಬತ್ತು; ಆ ಸಭೆಯಿಂದ ಕಾರಿದ್ದವರೆಲ್ಲ ಹಾಗೇ, ಟ್ರಸ್ಟಿನ ಕೊರತೆ ಪ್ರತಿ ವರ್ಷ ಅದರಲ್ಲೇ ತುಂಬುತ್ತದೆ. ತಾಂತಿಗೆ ಎಂಟು ವರ್ಷ ನಾಲ್ಕು ತಿಂಗಳು, ಅವರು ಹಾಕಿದ ಲೆಕ್ಕದಷ್ಟೇ, ಇವತ್ತು ಕೆಮ್ಮಿಲ್ಲ. ನನಗೆ ತಿಂಗಳಿಗೊಂದು ಕಾಫಿ, ನಿಧಾನವಾಗಿ ಹೀಬ್ರೂ ಓದಲು ಬರುತ್ತದೆ, ಬರುವ ಭಾನುವಾರ ಹನ್ನೊಂದಕ್ಕೆ ಬರಲು ತಾಂತಿ ಹೇಳಿದ್ದಾರೆ.